ಹತ್ತೊಂಬತ್ತು ತಟ್ಟೆ, ನಾಲ್ಕು ಗಂಟೆ, ಒಂದು ಚಮಚ ರಬ್ಬರ್ ಮಣಿ

ಎರಡನೇತುತ್ತು:
ಹೋದ ತಿಂಗಳು ಮದುವೆಯಾಗಿ ಹತ್ತು ವರ್ಷ ತುಂಬಿತು ಅಂತ ನಾನು, ನನ್ನ ಹೆಂಡತಿ ಒಂದು ‘ಪ್ರಯೋಗಶೀಲ’ ಫೈನ್ ಡೈನಿಂಗ್ ರೆಸ್ಟೋರೆಂಟಿಗೆ ಹೋಗಿ ಬಂದೆವು. ಹೆಸರು ಹೇಳಲ್ಲ, ಕೇಳಬೇಡಿ. ಯಾರ ಮೇಲೂ ಕೆಸರು ಎರಚೋಕೆ ಬಂದಿಲ್ಲ. ಒಂದು ಸಂಶಯ ತಲೇಲಿ ಕೂತಿದೆ, ಅದನ್ನ ಇಳಿಸಿಕೊಳ್ಳೋಕೆ ಬರೀತಿದ್ದೀನಿ.

ಮೂರು ತಿಂಗಳು ಮೊದಲೇ ಟೇಬಲ್ ಬುಕ್ ಮಾಡಿದ್ದೆ. ಬುಕ್ ಮಾಡೋದು ಅಂದ್ರೆ ಪೂರ್ತಿ ದುಡ್ಡು ಮುಂಗಡ, ನಾಟಕದ ಟಿಕೆಟ್ ಇದ್ದ ಹಾಗೆ. ಜ್ವರ ಬಂದು ಮಲಗಿದರೂ ವಾಪಸ್ ಇಲ್ಲ. ಇಬ್ಬರ ಊಟಕ್ಕೆ ಕಟ್ಟಿದ್ದು ನಮ್ಮ ಒಂದು ತಿಂಗಳ ಮನೆಬಾಡಿಗೆಗಿಂತ ಜಾಸ್ತಿ.

ಹೋಗಿ ಕೂತರೆ ಮೆನು ಇಲ್ಲ. ಕೊನೆಗೆ ಲಕೋಟೆಯಲ್ಲಿ ಹಾಕಿ ಕೊಡ್ತಾರಂತೆ, ಮೊದಲೇ ಗೊತ್ತಾದರೆ ಮಜಾ ಹೋಗುತ್ತಂತೆ. ಮೊದಲು ಬಂದದ್ದು ಒಂದು ಬಟ್ಟಲು ತುಂಬ ಬೂದುಬಣ್ಣದ ನುಣುಪು ಕಲ್ಲು. ಅದರಲ್ಲಿ ಎರಡು ಮಾತ್ರ ತಿನ್ನೋವು, ಹುಡುಕಿಕೊಳ್ಳಿ ಅಂದರು. ನಾನು ಎತ್ತಿದ್ದು ಅಸಲಿ ಕಲ್ಲು. ಬಡಿಸುವ ಹುಡುಗ ಕೈ ಅಡ್ಡ ಹಿಡಿದ, ನನ್ನ ಹಲ್ಲು ಉಳೀತು.

ನಾಲ್ಕನೆಯದೇ ನನ್ನ ಸಂಶಯದ ಮೂಲ. ಚಮಚದ ಮೇಲೆ ಹೆಸರುಕಾಳಿನಷ್ಟು ಸಣ್ಣ ಹಸಿರು ಮಣಿಗಳ ಗುಪ್ಪೆ. ಸೌತೆಕಾಯಿ ರಸದ್ದಂತೆ. ‘ಅಗಿಯಬೇಡಿ, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ’ ಅಂತ ಹೇಳಿಕೊಟ್ಟರು. ಅಷ್ಟರಲ್ಲಿ ಮಗಳನ್ನ ನೋಡಿಕೊಳ್ತಿದ್ದ ನನ್ನ ತಂಗಿಯ ಫೋನ್ ಬಂತು. ಎದ್ದು ಹೊರಗೆ ಹೋದೆ. ಮಗಳು ಅಳ್ತಿದ್ದಳು, ಸಮಾಧಾನ ಮಾಡಿ ಬರೋಷ್ಟರಲ್ಲಿ ಕಾಲು ಗಂಟೆ ಮೇಲಾಯ್ತು. ಹೆಂಡತಿ ತನ್ನ ಪಾಲು ಮುಗಿಸಿ ಕಣ್ಣರಳಿಸಿ ಕೂತಿದ್ದಳು. ‘ಬೇಗ ತಿನ್ನಿ, ಒಳಗೆ ಪಟಪಟ ಒಡೆಯುತ್ತೆ’ ಅಂದಳು. ನಾನು ಒತ್ತಿದೆ. ಒಡೆಯಲಿಲ್ಲ. ಇನ್ನೊಂದು ಸಲ ಒತ್ತಿದೆ. ಕೊನೆಗೆ ಅಗಿದೆ, ಪೆನ್ಸಿಲ್ ಹಿಂದಿನ ರಬ್ಬರ್ ಅಗಿದ ಹಾಗಿತ್ತು. ಅವಳಿಗೆ ಹೇಳಿದರೆ ‘ನಿಮಗೆ ತಿನ್ನೋಕೆ ಬರಲ್ಲ’ ಅಂತ ನಕ್ಕಳು. ಆಮೇಲಿನ ಹದಿನೈದು ತಟ್ಟೆಗೂ ನನ್ನ ತಲೇಲಿ ಅದೇ. ನನಗೇ ಏನೋ ತಿಳೀತಿಲ್ಲ, ಎಲ್ಲರಿಗೂ ತಿಳೀತಿದೆ ಅನ್ನೋ ಥರ.

ಮುಂದೆ ಗಾಜಿನ ಗುಮ್ಮಟ ಎತ್ತಿದರೆ ಹೊಗೆ. ಹೆಡ್‌ಫೋನ್ ಹಾಕಿಕೊಂಡು ಮಳೆ ಸದ್ದು ಕೇಳ್ತಾ ಅಣಬೆ. ಒಂದು ಕಡೆ ಕೈಯ ಹಿಂಬದಿಗೆ ಏನೋ ಹಚ್ಚಿ ನೆಕ್ಕಿ ಅಂದರು. ನನ್ನ ಹೆಂಡತಿ ‘ನಾನು ಬೆಕ್ಕಲ್ಲ’ ಅಂತ ಚಮಚ ಕೇಳಿದಳು. ಹತ್ತು ಸೆಕೆಂಡಿನ ತುತ್ತಿಗೆ ಎರಡು ನಿಮಿಷದ ಭಾಷಣ. ನನಗೆ ನಿಜಕ್ಕೂ ಹಿಡಿಸಿದ್ದು ಹನ್ನೊಂದನೆಯದು, ಒಂದು ಈರುಳ್ಳಿ. ಇಡೀ ಈರುಳ್ಳಿಯನ್ನ ಸಿಪ್ಪೆ ಸಮೇತ ಗಂಟೆಗಟ್ಟಲೆ ಸಣ್ಣ ಶಾಖದಲ್ಲಿ ಬೇಯಿಸಿ, ಒಂದೊಂದು ಪದರ ಬಿಡಿಸಿ, ಅದರದ್ದೇ ರಸ ಹಾಕಿದ್ದರು. ಅದನ್ನ ಇಟ್ಟು ಹೋದ ಹುಡುಗಿ ‘ಈರುಳ್ಳಿ’ ಅಂದಳು, ಅಷ್ಟೆ.

ಈಗ ಪ್ರಶ್ನೆ. ಇಷ್ಟು ದುಡ್ಡು ಕೊಟ್ಟು ನಾವು ಬೇಸ್ತುಬಿದ್ದೆವಾ, ಅಥವಾ ಇದನ್ನ ಸವಿಯೋಕೆ ಬೇರೆ ಯಾವುದೋ ನಾಲಿಗೆ ಬೇಕಾ?

ಹೊಟ್ಟೆಪಾಡು:
ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಿದ್ದರು. ಈಗ ಅದಕ್ಕೆ ಟೇಸ್ಟಿಂಗ್ ಮೆನು ಅಂತ ಹೆಸರಿಟ್ಟಿದ್ದಾರೆ ಗುರೂ. ವಾಪಸ್ ಬರ್ತಾ ದಾರೀಲಿ ಏನು ತಿಂದ್ರಿ, ಅದನ್ನ ಹೇಳಿ ಮೊದಲು.

ಎರಡನೇತುತ್ತು:
ಇಲ್ಲ ಗುರು, ಎಲ್ಲರೂ ಇದನ್ನೇ ಕೇಳ್ತಾರೆ. ಹಸಿವೇನೂ ಉಳಿದಿರಲಿಲ್ಲ. ಹದಿನಾಲ್ಕನೆಯದರ ಹೊತ್ತಿಗೆ ಬೆಲ್ಟ್ ಒಂದು ತೂತು ಸಡಿಲ ಮಾಡಿದ್ದೆ. ಹೊಟ್ಟೆ ತುಂಬಿತ್ತು, ಊಟ ಮಾಡಿದೆ ಅನ್ನಿಸಲಿಲ್ಲ.

ಹಳೇಸ್ಟಾಜ್:
ನಾನು ಇಂಥ ಒಂದು ಅಡುಗೆಮನೆಯಲ್ಲಿ ನಾಲ್ಕು ತಿಂಗಳು ದುಡಿದವನು. ಸ್ಟಾಜ್ ಅಂತಾರೆ, ಕಲಿಯೋಕೆ ಬಂದವರು, ಸಂಬಳ ಇಲ್ಲ. ನಾನಿದ್ದ ಜಾಗದ ಹೆಸರನ್ನ ನಾನೂ ಹೇಳಲ್ಲ.

ಮೊದಲು ದುಡ್ಡಿನ ವಿಚಾರ, ಯಾಕಂದ್ರೆ ಎಲ್ಲರೂ ಪದಾರ್ಥದ ಬೆಲೆ ಲೆಕ್ಕ ಹಾಕ್ತಾರೆ. ಒಂದು ಈರುಳ್ಳಿಗೆ ಎಷ್ಟು ಅಂತ. ದುಡ್ಡು ಈರುಳ್ಳಿಗೆ ಹೋಗಲ್ಲ ಸಾರ್, ಕೈಗಳಿಗೆ ಹೋಗುತ್ತೆ. ನಮ್ಮಲ್ಲಿ ಒಂದು ರಾತ್ರಿಗೆ ನಲವತ್ತು ಅತಿಥಿಗಳು, ಒಳಗೆ ನಾವು ಮೂವತ್ತು ಜನ. ಮೊದಲ ಮೂರು ವಾರ ನಾನು ಮಾಡಿದ್ದು ಒಂದೇ ಕೆಲಸ, ಟ್ವೀಜರ್ ಹಿಡಿದು ಥೈಮ್ ಗಿಡದ ಎಲೆ ಬಿಡಿಸೋದು. ಒಂದೇ ಅಳತೆ ಇರಬೇಕು, ತುದಿ ಮುರಿದಿರಬಾರದು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಒಂದು ಸಣ್ಣ ಡಬ್ಬಿ ತುಂಬ್ತಿತ್ತು. ಅತಿಥಿಯ ತಟ್ಟೆಗೆ ಅದರಲ್ಲಿ ಮೂರು ಎಲೆ.

ಇಷ್ಟೆಲ್ಲ ಆಗಿಯೂ ಇಂಥ ಜಾಗ ಲಾಭ ಮಾಡೋದು ಕಷ್ಟ. ಸ್ಪೇನಿನ ಎಲ್ ಬುಲ್ಲಿಯನ್ನೇ ತಗೊಳ್ಳಿ, ಈ ಇಡೀ ಪಂಥಕ್ಕೆ ಅದೇ ತವರುಮನೆ. ಕತಲೂನ್ಯದ ರೋಸಸ್ ಹತ್ತಿರ, ಕಾಲಾ ಮೊಂಟ್‌ಜೋಯಿ ಅನ್ನೋ ಸಣ್ಣ ಕೊಲ್ಲಿಯ ದಡದಲ್ಲಿತ್ತು. ವರ್ಷದಲ್ಲಿ ಸುಮಾರು ಆರು ತಿಂಗಳು ಮಾತ್ರ ಬಾಗಿಲು ತೆರೀತಿದ್ದರು, ಉಳಿದ ಕಾಲ ಬಾರ್ಸಿಲೋನಾದ ಕಾರ್ಯಾಗಾರದಲ್ಲಿ ಹೊಸ ತಿನಿಸು ಹುಡುಕ್ತಾ ಕೂರೋರು. ಒಂದು ಸೀಸನ್ನಿಗೆ ಸುಮಾರು 8,000 ಜನಕ್ಕೆ ಜಾಗ, ಬರ್ತಿದ್ದ ಕೋರಿಕೆ 20 ಲಕ್ಷದ ಆಸುಪಾಸು. ಅಂಥದ್ದೂ ಊಟದ ಲೆಕ್ಕದಲ್ಲಿ ನಷ್ಟದಲ್ಲೇ ನಡೀತಿತ್ತು. ಅಲ್ಲಿನ ಮುಖ್ಯ ಬಾಣಸಿಗ ಫೆರಾನ್ ಆಡ್ರಿಯಾ ಪುಸ್ತಕ, ಉಪನ್ಯಾಸ, ಕಂಪನಿಗಳಿಗೆ ಸಲಹೆ ಅಂತ ಹೊರಗಡೆ ದುಡಿದು ಒಳಗಿನ ತೂತು ಮುಚ್ಚೋರು. 2011ರ ಜುಲೈ 30ಕ್ಕೆ ಕೊನೆಯ ಊಟ ಬಡಿಸಿ ಮುಚ್ಚಿದರು.

ಮುಂಗಡ ಪೂರ್ತಿ ದುಡ್ಡು ಕೇಳೋದೂ ಅದಕ್ಕೇ. ನಲವತ್ತು ಕುರ್ಚಿಯಲ್ಲಿ ನಾಲ್ಕು ಖಾಲಿ ಬಿದ್ದರೆ ಆ ರಾತ್ರಿಯ ಗಿಟ್ಟುವಳಿ ಅಲ್ಲೇ ಮುಗೀತು. 2011ರಲ್ಲಿ ಶಿಕಾಗೋದ ನೆಕ್ಸ್ಟ್ ಅನ್ನೋ ರೆಸ್ಟೋರೆಂಟ್ ಶುರುವಿನಿಂದಲೇ ಊಟಕ್ಕೆ ಟಿಕೆಟ್ ಮಾರ್ತು. ಆಮೇಲೆ ಅದು ಬಹಳ ಕಡೆ ಹಬ್ಬಿತು.

ನಿಮ್ಮ ಕಲ್ಲಿನ ಬಟ್ಟಲಿನ ಬಗ್ಗೆ ಒಂದು ಮಾತು. ಅದು ಆ ಬಾಣಸಿಗರ ಸ್ವಂತ ಯೋಚನೆ ಅಂತ ಹೇಳಿಕೊಂಡರೆ ನಂಬಬೇಡಿ. ಸ್ಪೇನಿನ ಬಾಸ್ಕ್ ಸೀಮೆಯ ಮುಗಾರಿಟ್ಸ್‌ನಲ್ಲಿ ಅಲ್ಲಿನ ಬಾಣಸಿಗ ಅಂದೋನಿ ಲೂಯಿಸ್ ಆದೂರಿಸ್ ಆಲೂಗಡ್ಡೆಗೆ ತಿನ್ನಬಹುದಾದ ಕೇಯೊಲಿನ್ ಜೇಡಿಮಣ್ಣು ಲೇಪಿಸಿ ಕಲ್ಲಿನ ಹಾಗೆ ಕಾಣಿಸಿದ್ದು ಎಂದೋ ಹೆಸರಾದ ಸಂಗತಿ. ಈ ಲೋಕದಲ್ಲಿ ಅರ್ಧಕ್ಕರ್ಧ ಸೆಕೆಂಡ್ ಹ್ಯಾಂಡ್ ಮಾಲೇ.

ಬೀಕರ್:
ಎಲ್ಲರೂ ದುಡ್ಡಿನ ಹಿಂದೆ ಹೋದಿರಿ. ಎರಡನೇತುತ್ತು ಅವರೇ, ನಿಮ್ಮ ರಬ್ಬರ್ ಮಣಿಯ ಕೇಸು ನನಗೆ ಕೊಡಿ. ನಾನು ಆಹಾರ ಪ್ರಯೋಗಾಲಯದಲ್ಲಿ ಕೆಲಸ ಮಾಡೋನು. ತಪ್ಪು ನಿಮ್ಮ ನಾಲಿಗೆಯದ್ದಲ್ಲ.

ಆ ಮಣಿ ಮಾಡೋ ಕ್ರಮಕ್ಕೆ ಸ್ಫೆರಿಫಿಕೇಶನ್ ಅಂತಾರೆ. ಎಲ್ ಬುಲ್ಲಿಯವರು 2003ರಲ್ಲಿ ಇದನ್ನ ತಟ್ಟೆಗೆ ತಂದರು. ರಸಕ್ಕೆ ಸೋಡಿಯಂ ಆಲ್ಜಿನೇಟ್ ಬೆರೆಸ್ತಾರೆ, ಅದು ಕಂದು ಕಡಲಪಾಚಿಯಿಂದ ತೆಗೆದ ಪುಡಿ. ಆ ರಸವನ್ನ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿಗೆ ಹನಿಹನಿಯಾಗಿ ಬಿಡ್ತಾರೆ. ಹನಿ ನೀರು ಮುಟ್ಟಿದ ಕೂಡಲೇ ಕ್ಯಾಲ್ಸಿಯಂ ಹೋಗಿ ಆಲ್ಜಿನೇಟಿನ ಉದ್ದುದ್ದ ಎಳೆಗಳನ್ನ ಒಂದಕ್ಕೊಂದು ಹೆಣೆಯುತ್ತೆ. ಹೊರಗೆ ತೆಳ್ಳನೆ ಚರ್ಮ, ಒಳಗೆ ಇನ್ನೂ ರಸ. ಒಂದು ನಿಮಿಷದ ಆಜುಬಾಜು ಬಿಟ್ಟು ತೂತಿನ ಚಮಚದಲ್ಲಿ ಎತ್ತಿ, ಶುದ್ಧ ನೀರಲ್ಲಿ ತೊಳೀತಾರೆ.

ಮುಖ್ಯ ವಿಷಯ ಈಗ ಬರುತ್ತೆ. ತೊಳೆದರೂ ಕೆಲಸ ನಿಲ್ಲಲ್ಲ. ಚರ್ಮದೊಳಗೆ ಸೇರಿಕೊಂಡ ಕ್ಯಾಲ್ಸಿಯಂ ಒಳಗೊಳಗೇ ಸಾಗ್ತಾ ಇರುತ್ತೆ, ಚರ್ಮ ದಪ್ಪ ಆಗ್ತಾ ಹೋಗುತ್ತೆ. ಹೆಸರುಕಾಳಿನಷ್ಟು ಸಣ್ಣ ಮಣಿಯಾದರೆ ಸ್ವಲ್ಪ ಹೊತ್ತಲ್ಲೇ ನಡುವಿನ ತನಕ ಗಟ್ಟಿ. ನೀವು ಫೋನಿಗೆ ಎದ್ದು ಹೋಗಿ ಕಾಲು ಗಂಟೆ ಬಿಟ್ಟು ಬಂದಿರಿ. ನಿಮ್ಮ ಮನೆಯವರು ತಿಂದದ್ದು ರಸದ ಮಣಿ, ನೀವು ತಿಂದದ್ದು ಜೆಲ್ಲಿ ಕಾಳು. ಒಂದೇ ತಟ್ಟೆ, ಬೇರೆ ಬೇರೆ ಗಳಿಗೆ.

ಅಂದಹಾಗೆ ರಬ್ಬರ್ ಅಂದದ್ದೂ ಸರಿಯಾಗೇ ಇದೆ. ಹಲ್ಲಿನ ಡಾಕ್ಟರು ಅಚ್ಚು ತೆಗೆಯೋಕೆ ಒಂದು ಪೇಸ್ಟ್ ಬಾಯಿಗೆ ತುರುಕಿ ಗಟ್ಟಿಯಾಗೋ ತನಕ ಕಾಯಿಸ್ತಾರಲ್ಲ, ಅದರಲ್ಲೂ ಸಾಮಾನ್ಯವಾಗಿ ಇರೋದು ಆಲ್ಜಿನೇಟೇ.

ಎರಡನೇತುತ್ತು:
ಬೀಕರ್ ಸಾರ್, ಇದನ್ನ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಒಂದು ತಿಂಗಳಿಂದ ‘ತಿನ್ನೋಕೆ ಬರಲ್ಲ’ ಅಂತ ಆಡಿಕೊಳ್ತಿದ್ದಳು. ಈಗ ‘ಫೋನ್ ಯಾರು ತಗೋ ಅಂದ್ರು ನಿಮಗೆ’ ಅಂತ ಶುರುವಾಗಿದೆ.

ಆದರೆ ಒಂದು ಮಾತು. ಅದು ಹಾಗೆ ಗಟ್ಟಿಯಾಗುತ್ತೆ ಅಂತ ಅವರಿಗೆ ಗೊತ್ತಿರಲೇಬೇಕಲ್ಲ? ಎರಡು ನಿಮಿಷ ಸೌತೆಕಾಯಿ ತೋಟದ ಕಥೆ ಹೇಳಿದವರು ‘ಕೂಡಲೇ ತಿನ್ನಿ’ ಅಂತ ಒಂದು ಮಾತು ಹೇಳಬಹುದಿತ್ತು.

ಹಳೇಸ್ಟಾಜ್:
ಹೇಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಚಮಚ ವಾಪಸ್ ಒಳಗೆ ಹೋಗಬೇಕಿತ್ತು. ನಾನಿದ್ದ ಕಡೆ ಅತಿಥಿ ಕುರ್ಚಿಯಿಂದ ಎದ್ದರೆ ಹೊರಗಿನವರು ಪಾಸ್‌ಗೆ ಬಂದು ಹೇಳೋರು. ಪಾಸ್ ಅಂದ್ರೆ ಸಿದ್ಧವಾದ ತಟ್ಟೆ ಹೊರಗೆ ಹೋಗೋ ಕಟ್ಟೆ. ಆ ಟೇಬಲ್ಲಿನ ಮುಂದಿನ ತಟ್ಟೆ ಅಲ್ಲೇ ನಿಲ್ತಿತ್ತು, ಈಗಾಗಲೇ ಹೋಗಿದ್ದರೆ ಎತ್ತಿ ತಂದು ಎಸೆದು ಹೊಸದು ಮಾಡ್ತಿದ್ದೆವು. ಅತಿಥಿ ವಾಪಸ್ ಕೂತು, ಮಡಿಲಿಗೆ ಬಟ್ಟೆ ಹಾಕಿಕೊಂಡ ಮೇಲೇ ಹನಿ ಬಿಡೋಕೆ ಶುರು. ನೀವು ಕೊಟ್ಟ ಬಾಡಿಗೆಯಷ್ಟು ದುಡ್ಡಲ್ಲಿ ಈ ಕಾವಲಿನ ಖರ್ಚೂ ಸೇರಿದೆ. ಅವರಿಗೆ ಒಂದು ಮೇಲ್ ಹಾಕಿ, ಜಗಳದ್ದಲ್ಲ, ನಡೆದದ್ದನ್ನ ನಡೆದ ಹಾಗೆ ಬರೆದು.

ಖಡಕ್_ಮಾತು:
ಏನ್ರೀಪಾ ಇದು. ಕಡಲಪಾಚಿ ಪುಡಿ, ಕ್ಯಾಲ್ಸಿಯಂ ಕ್ಲೋರೈಡು, ಹಲ್ಲಿನ ಡಾಕ್ಟರ್ ಪೇಸ್ಟು. ಬಾಡಿಗಿ ರೊಕ್ಕ ಕೊಟ್ಟು ಕೆಮಿಕಲ್ ತಿಂದು ಬಂದು, ಅದು ಸರಿಯಾಗಿ ಒಡೀಲಿಲ್ಲಂತ ಮ್ಯಾಲೆ ತಕರಾರು ಬ್ಯಾರೆ. ಸೌತಿಕಾಯಿ ತಿನ್ನಬೇಕಂದ್ರ ಸೌತಿಕಾಯಿ ತಿನ್ರಿ.

ಬೀಕರ್:
ಉಪ್ಪೂ ಕೆಮಿಕಲ್ಲೇ ಸಾರ್, ಸೋಡಿಯಂ ಕ್ಲೋರೈಡ್. ಆಲ್ಜಿನೇಟು ಐಸ್‌ಕ್ರೀಮಿಗೆ ಮಂದ ಬರಲಿ ಅಂತ ಹಾಕೋ ವಸ್ತು. ನಿಮ್ಮ ಮನೆ ಮಕ್ಕಳು ಎಷ್ಟೋ ಸಲ ತಿಂದಿರ್ತಾರೆ.

‘ಮಾಲಿಕ್ಯುಲರ್ ಗ್ಯಾಸ್ಟ್ರಾನಮಿ’ ಅನ್ನೋ ಹೆಸರೇ ಈ ಭಯಕ್ಕೆ ಅರ್ಧ ಕಾರಣ. ಆ ಹೆಸರು ಹುಟ್ಟಿದ್ದು ಅಡುಗೆಮನೆಯಲ್ಲಿ ಅಲ್ಲ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ನಿಕೊಲಸ್ ಕುರ್ಟಿ 1969ರಲ್ಲೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಅಡುಗೆಯ ಭೌತಶಾಸ್ತ್ರದ ಮೇಲೆ ಭಾಷಣ ಮಾಡಿದ್ದರು. ಅವರೂ ಫ್ರಾನ್ಸಿನ ರಸಾಯನವಿಜ್ಞಾನಿ ಎರ್ವೆ ತೀಸ್ ಅವರೂ 1988ರಲ್ಲಿ ಈ ಹೆಸರಿಟ್ಟರು, ಬೇಯುವಾಗ ಏನು ನಡೆಯುತ್ತೆ ಅಂತ ತಿಳಿಯುವ ಶಾಸ್ತ್ರಕ್ಕೆ. ಅಡುಗೆಯ ಶೈಲಿಗೆ ಅಲ್ಲ. ಪತ್ರಿಕೆಯವರು ತಂದು ಬಾಣಸಿಗರ ಹಣೆಗೆ ಅಂಟಿಸಿದರು. 2006ರಲ್ಲಿ ಬಾಣಸಿಗರಾದ ಆಡ್ರಿಯಾ, ಹೆಸ್ಟನ್ ಬ್ಲೂಮೆಂಥಾಲ್, ಥಾಮಸ್ ಕೆಲ್ಲರ್, ಜೊತೆಗೆ ಲೇಖಕ ಹೆರಾಲ್ಡ್ ಮೆಗೀ ಸೇರಿ ಒಂದು ಹೇಳಿಕೆ ಕೊಟ್ಟು, ಈ ಹೆಸರು ನಮ್ಮ ಅಡುಗೆಗೆ ಹೊಂದಲ್ಲ ಅಂತ ದೂರ ಸರಿದರು.

ಖಡಕ್_ಮಾತು:
ಹೆಸರು ಬ್ಯಾಡ ಅಂದ್ರ ಹೊಗಿನೂ ಬ್ಯಾಡ ಅನ್ನಬೇಕಿತ್ತಲ್ರಿ. ಹೊಗಿ ಬಿಟ್ಟು ಕಣ್ಕಟ್ಟು ಮಾಡೋದು ಬಿಡವಲ್ರು.

ಬೀಕರ್:
ಈ ಮಾತಿಗೆ ನನ್ನ ಓಟು ನಿಮಗೇ. ದ್ರವ ಸಾರಜನಕ ಅಂತ ತಂದು ಸುರಿದಾಗ ಟೇಬಲ್ ಮೇಲೆ ಹರಡುತ್ತಲ್ಲ ಬಿಳಿ ಮೋಡ, ಅದು ಸಾರಜನಕವೇ ಅಲ್ಲ. ಸಾರಜನಕಕ್ಕೆ ಬಣ್ಣ ಇಲ್ಲ. ಮೈನಸ್ 196 ಡಿಗ್ರಿಯ ಚಳಿಗೆ ಕೋಣೆಯ ಗಾಳಿಯಲ್ಲಿರೋ ನೀರಾವಿ ಮಂಜಾಗಿ ಕಾಣೋದು. ಅಡುಗೆಮನೆಯಲ್ಲಿ ಅದಕ್ಕೆ ನಿಜವಾದ ಕೆಲಸ ಇದೆ. ಅಷ್ಟು ಬೇಗ ಹೆಪ್ಪುಗಟ್ಟಿಸಿದರೆ ಮಂಜಿನ ಹರಳು ಬೆಳೆಯೋಕೆ ಸಮಯ ಸಿಗಲ್ಲ, ಐಸ್‌ಕ್ರೀಮು ರೇಷ್ಮೆ ಥರ ಬರುತ್ತೆ. ಟೇಬಲ್ ಪಕ್ಕಕ್ಕೆ ತಂದು ಸುರಿಯೋದು ಮಾತ್ರ ಬರೀ ಫೋಟೋಗೆ.

ಉಪ್ಪುಗಾಳಿ:
ನಾನು ಸ್ವಲ್ಪ ಬೇರೆ ಮಾತು ಹೇಳ್ತೇನೆ, ಬೈಬೇಡಿ ಮಾರಾಯ್ರೆ.

ನನಗೆ ಒಂದು ಕಾಯಿಲೆಯ ನಂತರ ವಾಸನೆ ಹೋಯಿತು. ಪೂರ್ತಿ. ವಾಸನೆ ಹೋದರೆ ರುಚಿಯೂ ಹೋದ ಹಾಗೇ. ಸಿಹಿ, ಉಪ್ಪು, ಹುಳಿ, ಕಹಿ ಅಷ್ಟು ನಾಲಿಗೆಗೆ ಗೊತ್ತಾಗ್ತದೆ, ಉಳಿದದ್ದೆಲ್ಲ ಬಿಸಿ ರಟ್ಟು. ಎರಡು ವರ್ಷ ಹೊಟ್ಟೆಗೆ ಹಾಕಿಕೊಂಡದ್ದು ಬಿಟ್ಟರೆ ಊಟ ಅಂತ ಮಾಡಲಿಲ್ಲ. ಅಣ್ಣ ಒತ್ತಾಯ ಮಾಡಿ ಇಂಥ ಒಂದು ಕಡೆ ಕರಕೊಂಡು ಹೋದ. ನನಗೆ ಸಿಟ್ಟು, ದುಡ್ಡು ದಂಡ ಅಂತ.

ಮೂರನೆಯದ್ದೋ ನಾಲ್ಕನೆಯದ್ದೋ ಒಂದು ಸಣ್ಣ ಲೋಟ ಬಂತು. ಕುಡಿದರೆ ಬಾಯಿಯ ಎಡಗಡೆ ಬಿಸಿ, ಬಲಗಡೆ ತಣ್ಣಗೆ. ಒಂದೇ ಗುಟುಕಿನಲ್ಲಿ! ನಾನು ಲೋಟ ಕೆಳಗಿಟ್ಟು ಅಣ್ಣನ ಮುಖ ನೋಡಿದೆ. ಎರಡು ವರ್ಷದಲ್ಲಿ ಮೊದಲ ಸಲ ಬಾಯಿಯೊಳಗೆ ಏನೋ ಆಯಿತು. ಮತ್ತೆ ಬಂದದ್ದರಲ್ಲಿ ಕುರುಕುರು ಇತ್ತು, ಜಾರುವುದಿತ್ತು, ನಾಲಿಗೆ ಮೇಲೆ ಚಿಟಚಿಟ ಹಾರುವುದಿತ್ತು. ಪರಿಮಳ ಇಲ್ಲದಿದ್ದರೂ ನನಗೆ ತಿನ್ನಲಿಕ್ಕೆ ಏನೋ ಉಂಟು ಅಂತ ಅನ್ನಿಸಿದ್ದು ಅಲ್ಲಿ. ಅಣ್ಣನ ತಟ್ಟೆಯ ಕಾಲುಭಾಗವೂ ನಾನೇ ಮುಗಿಸಿದೆ.

ಹಾಗಾಗಿ ಕಣ್ಕಟ್ಟು ಅಂತ ಒಂದೇ ಮಾತಿನಲ್ಲಿ ತಳ್ಳಿ ಹಾಕಬೇಡಿ.

ಬೀಕರ್:
ಅಕ್ಕಾ, ಆ ಬಿಸಿ-ತಣ್ಣನೆ ಲೋಟ ಬ್ಲೂಮೆಂಥಾಲ್ ಅವರ ಚಹಾದ ಮೊಮ್ಮಗ. ಇಂಗ್ಲೆಂಡಿನ ಬ್ರೇ ಹಳ್ಳಿಯಲ್ಲಿರೋ ಅವರ ರೆಸ್ಟೋರೆಂಟ್ ಫ್ಯಾಟ್ ಡಕ್‌ನಲ್ಲಿ ಅದು ಹೆಸರಾಯಿತು. ಎರಡು ಕಡೆ ಇರೋದೂ ಬರೀ ದ್ರವ ಅಲ್ಲ, ಜೆಲ್ಲಾನ್ ಹಾಕಿ ಗಟ್ಟಿ ಮಾಡಿ ಮತ್ತೆ ಕಡೆದ ಸಡಿಲ ಜೆಲ್. ಕಣ್ಣಿಗೆ, ಬಾಯಿಗೆ ಚಹಾ ಥರವೇ ಇದ್ದರೂ ಮಂದವಾಗಿರೋದರಿಂದ ಬೇಗ ಬೆರೆಯಲ್ಲ. ಲೋಟದ ನಡುವೆ ಒಂದು ತಡಿಕೆ ಇಟ್ಟು ಎರಡೂ ಕಡೆ ಸುರಿದು, ತಡಿಕೆ ಎಳೆದು, ಓಡಿಕೊಂಡು ಟೇಬಲ್ಲಿಗೆ.

ನಿಮ್ಮ ಮಾತು ಕೇಳಿ ಗ್ರಾಂಟ್ ಅಕಾಟ್ಸ್ ನೆನಪಾದರು. ಶಿಕಾಗೋದ ಅಲಿನಿಯಾದ ಬಾಣಸಿಗ. 2007ರಲ್ಲಿ ನಾಲಿಗೆಯ ಕ್ಯಾನ್ಸರ್ ಅಂತ ಗೊತ್ತಾಯಿತು. ಚಿಕಿತ್ಸೆಯಲ್ಲಿ ರುಚಿಯೇ ಹೊರಟುಹೋಗಿ, ಆಮೇಲೆ ಒಂದೊಂದಾಗಿ ಮರಳಿ ಬಂತು. ಆ ಹೊತ್ತಿನಲ್ಲೂ ಅಡುಗೆಮನೆ ಬಿಡಲಿಲ್ಲ, ರುಚಿ ನೋಡೋ ಕೆಲಸಕ್ಕೆ ಜೊತೆಯವರ ನಾಲಿಗೆ ನಂಬಿದರು.

ಎರಡನೇತುತ್ತು:
ಉಪ್ಪುಗಾಳಿ ಅಕ್ಕಾ, ಇದನ್ನ ಓದಿದ ಮೇಲೆ ನನ್ನ ಹೆಡ್‌ಫೋನ್ ಅಣಬೆಯ ಬಗ್ಗೆ ಇನ್ನೊಂದು ಸಲ ಯೋಚನೆ ಮಾಡ್ತಿದ್ದೀನಿ. ಆ ಸದ್ದಿಗೂ ಏನಾದ್ರೂ ಅರ್ಥ ಇತ್ತಾ ಅಥವಾ ಅದೂ ಹೊಗೆಯ ತಮ್ಮನಾ?

ಬೀಕರ್:
ಸದ್ದಿಗೆ ಆಧಾರ ಇದೆ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್, ಮಾಸ್ಸಿಮಿಲಿಯಾನೊ ಜಾಂಪಿನಿ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಜನ ಆಲೂಗಡ್ಡೆ ಚಿಪ್ಸ್ ಕಚ್ಚುವಾಗ ಆಗೋ ಸದ್ದನ್ನೇ ಮೈಕಿನಲ್ಲಿ ಹಿಡಿದು ಹೆಡ್‌ಫೋನಿನಲ್ಲಿ ವಾಪಸ್ ಕೇಳಿಸಿದರು. ಸದ್ದು ಜೋರು ಮಾಡಿದಾಗ, ಅದರ ಕೀರಲು ಭಾಗ ಹೆಚ್ಚಿಸಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಅನ್ನಿಸ್ತು. 2008ರಲ್ಲಿ ಇದಕ್ಕೆ ಇಗ್ ನೊಬೆಲ್ ಕೊಟ್ಟರು, ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಬಹುಮಾನ ಅದು. 2007ರಲ್ಲಿ ಫ್ಯಾಟ್ ಡಕ್‌ನಲ್ಲಿ ಶಂಖದೊಳಗೆ ಪುಟ್ಟ ಐಪಾಡ್ ಇಟ್ಟು, ಅಲೆಯ ಸದ್ದು ಕೇಳಿಸ್ತಾ ಸಮುದ್ರದ ತಿನಿಸು ಬಡಿಸಿದ್ದೂ ಇದೇ ದಾರಿಯಲ್ಲಿ.

ಆದರೆ ಸಮುದ್ರದ ಸದ್ದಿಗೆ ಸಮುದ್ರದ ಊಟ ಜೋಡಿ. ಮಳೆ ಸದ್ದಿಗೆ ಅಣಬೆ... ಮಳೆ ಬಂದರೆ ಅಣಬೆ ಏಳುತ್ತೆ ಅಂತ ಇರಬೇಕು. ನನಗೇನೋ ಇದು ಪದ್ಯಕ್ಕೆ ಪ್ರಾಸ ಹುಡುಕಿದ ಹಾಗಿದೆ.

ಹೊಟ್ಟೆಪಾಡು:
1931ರಲ್ಲೇ ಇಟಲಿಯ ಟುರಿನ್‌ನಲ್ಲಿ ಫ್ಯೂಚರಿಸ್ಟ್ ಕಲಾವಿದರು ಒಂದು ಹೋಟೆಲ್ ತೆಗೆದಿದ್ದರು, ಗೋಡೆಗೆಲ್ಲ ಅಲ್ಯೂಮಿನಿಯಂ ಹೊಡೆದು. ಅವರ ಒಂದು ತಿನಿಸಿಗೆ ಬಲಗೈಯಲ್ಲಿ ತಿನ್ನಬೇಕು, ಎಡಗೈಯಲ್ಲಿ ಮರಳುಕಾಗದ, ರೇಷ್ಮೆ, ವೆಲ್ವೆಟ್ ಸವರ್ತಾ ಇರಬೇಕು, ಹಿಂದಿನಿಂದ ಸುಗಂಧ ಚಿಮುಕಿಸೋರು, ಜೊತೆಗೆ ವಿಮಾನದ ಎಂಜಿನ್ ಸದ್ದು. ಅಜ್ಜಂದಿರು ಎಲ್ಲ ಮಾಡಿ ಮುಗಿಸಿದ್ದಾರೆ ಗುರೂ. ಇವರು ಬಿಲ್ ಮಾತ್ರ ಹೊಸದಾಗಿ ಹಾಕ್ತಿದ್ದಾರೆ.

ಹಾಲುಗಲ್ಲ:
ನಡುವೆ ಒಂದು ಪ್ರಶ್ನೆ. ನಾನು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಮುಂದಿನ ತಿಂಗಳು ಆಫೀಸಿನವರು ಇಂಥ ಕಡೆ ಕರ್ಕೊಂಡು ಹೋಗ್ತಿದ್ದಾರೆ. ಸಸ್ಯಾಹಾರದ ಮೆನು ಇದೆಯಂತೆ. ನಂಬಬಹುದಾ?

ಹಳೇಸ್ಟಾಜ್:
ಮೇಡಂ, ಆ ಹೊತ್ತಿಗೆ ಹೋಗಿ ಹೇಳಬೇಡಿ, ಈಗಲೇ ಬರವಣಿಗೆಯಲ್ಲಿ ಹೇಳಿ. ಅಲ್ಲಿ ಪ್ರತಿಯೊಂದಕ್ಕೂ ಎರಡು ಮೂರು ದಿನದ ತಯಾರಿ ಇರುತ್ತೆ, ಆ ರಾತ್ರಿ ಏನೂ ಬದಲಾಯಿಸೋಕೆ ಆಗಲ್ಲ. ‘ಸಸ್ಯಾಹಾರಿ’ ಅಂತ ಒಂದು ಪದ ಬರೆದು ಬಿಟ್ಟರೆ ಮೊಟ್ಟೆ ಬಂದೇ ಬರುತ್ತೆ, ಆ ಅಡುಗೆಮನೆಗಳ ಭಾಷೆಯಲ್ಲಿ ಮೊಟ್ಟೆ ಅದರೊಳಗೇ ಸೇರಿದೆ. ಏನೇನು ಬೇಡ ಅಂತ ಒಂದೊಂದೇ ಬರೀರಿ. ಮುಖ್ಯವಾಗಿ ಜೆಲಾಟಿನ್ ಅಂತ ಬಿಡಿಸಿ ಬರೀರಿ. ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆಯೋದು ಅದು. ನೊರೆ, ಮೂಸ್, ಬಾಯಲ್ಲಿ ಕರಗೋ ಜೆಲ್ಲಿ ಎಲ್ಲ ಕಡೆ ನುಸುಳಿರುತ್ತೆ. ಅಗರ್ ಆದರೆ ಪಾಚಿಯದ್ದು, ಅಡ್ಡಿಯಿಲ್ಲ. ಚೀಸ್ ಬಂದರೆ ಯಾವ ರೆನೆಟ್ (ಹಾಲು ಒಡೆಸೋಕೆ ಹಾಕೋ ವಸ್ತು) ಅಂತ ಕೇಳಿ, ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರುತ್ತೆ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಲ್ಲ. ಒಳ್ಳೆ ಜಾಗವಾದರೆ ಅವರೇ ಫೋನ್ ಮಾಡಿ ವಿಚಾರಿಸ್ತಾರೆ. ಮಾಡದಿದ್ದರೆ ಸ್ವಲ್ಪ ಹುಷಾರು.

ಹಾಲುಗಲ್ಲ:
ಥ್ಯಾಂಕ್ಸ್ ಸಾರ್. ರೆನೆಟ್ ವಿಷಯ ಗೊತ್ತೇ ಇರಲಿಲ್ಲ.

ಕಟ್ಟುನಿಟ್ಟು:
ಹಳೇಸ್ಟಾಜ್ ಅವರೇ, ಒಂದು ವಿಷಯ ನೀವು ತುಂಬ ಸಲೀಸಾಗಿ ದಾಟಿಬಿಟ್ಟಿರಿ. ‘ದುಡ್ಡು ಕೈಗಳಿಗೆ ಹೋಗುತ್ತೆ’ ಅಂದಿರಿ. ಯಾವ ಕೈಗೆ? ನಿಮ್ಮ ಕೈಗೆ ಒಂದು ಕಾಸೂ ಬರಲಿಲ್ಲ ಅಂತ ನೀವೇ ಮೊದಲ ಸಾಲಿನಲ್ಲಿ ಬರೆದಿದ್ದೀರಿ. ಮೂರು ವಾರ ಎಲೆ ಬಿಡಿಸೋದು ಯಾವ ಕಲಿಕೆ? ಅದು ಬಿಟ್ಟಿ ಚಾಕರಿ.

ಹಳೇಸ್ಟಾಜ್:
ನೀವು ಹೇಳಿದ್ದು ನಿಜ. ನಾನು ಬರೆದ ವಾಕ್ಯ ತಪ್ಪು. ಕೈಗಳಿಗೆ ಹೋಗಬೇಕಾದ ದುಡ್ಡು ಅನ್ನಬೇಕಿತ್ತು.

ಬೆಳಿಗ್ಗೆ ಎಂಟರಿಂದ ಮಧ್ಯರಾತ್ರಿ. ಒಂದು ಕೋಣೆಯಲ್ಲಿ ಐದು ಜನ. ಊಟ ಅವರದ್ದೇ, ನಿಂತುಕೊಂಡು ಹತ್ತು ನಿಮಿಷ. ಬಾಡಿಗೆಗೆ ಅಪ್ಪನ ಹತ್ತಿರ ಸಾಲ ಮಾಡಿದ್ದೆ. ಯಾಕೆ ಬಿಟ್ಟು ಬರಲಿಲ್ಲ ಅಂದ್ರೆ, ಆ ಹೆಸರು ಬಯೋಡಾಟಾದಲ್ಲಿ ಇದ್ದರೆ ಬೇರೆ ಬಾಗಿಲು ತೆರೆಯುತ್ತೆ ಅಂತ ಎಲ್ಲರೂ ಹೇಳ್ತಿದ್ದರು. ತೆರೀತು ಕೂಡ. ಅದಕ್ಕೇ ಪೂರ್ತಿ ಬೈಯೋಕೂ ನನಗೆ ಬಾಯಿ ಬರಲ್ಲ.

ಕಟ್ಟುನಿಟ್ಟು:
ನಿಮಗೆ ತೆರೀತು. ಸಾಲ ಕೊಡೋ ಅಪ್ಪ ಇಲ್ಲದವರಿಗೆ ಆ ಮೊದಲ ಬಾಗಿಲೇ ಇಲ್ಲ. ಕೋಪನ್‌ಹೇಗನ್ನಿನ ನೋಮಾ ರೆಸ್ಟೋರೆಂಟನ್ನೇ ನೋಡಿ, ‘ವಿಶ್ವದ 50 ಅತ್ಯುತ್ತಮ’ ಪಟ್ಟಿಯಲ್ಲಿ ಐದು ಸಲ ಮೊದಲ ಜಾಗ. ಕಲಿಯೋಕೆ ಬಂದವರಿಗೆ ಸಂಬಳ ಕೊಡೋಕೆ ಶುರು ಮಾಡಿದ್ದು 2022ರ ಅಕ್ಟೋಬರಿನಲ್ಲಿ. 2023ರ ಜನವರಿಯಲ್ಲಿ ಅದರ ಮುಖ್ಯ ಬಾಣಸಿಗ ರೆನೆ ರೆಡ್ಜೆಪಿ ಈ ಮಾದರಿ ಬಾಳಿಕೆ ಬರಲ್ಲ, ಮಾಮೂಲಿ ರೆಸ್ಟೋರೆಂಟಾಗಿ ನಡೆಸೋದನ್ನ ನಿಲ್ಲಿಸ್ತೀವಿ ಅಂತ ಸಾರಿದರು. ಮೂರೇ ತಿಂಗಳ ಅಂತರ. ಕಾರಣ ಅದೊಂದೇ ಅಂತ ನಾನು ಹೇಳಲ್ಲ. ಆದರೆ ಎಲ್ಲರಿಗೂ ಸಂಬಳ ಕೊಟ್ಟು ಈ ತಟ್ಟೆ ಕಟ್ಟೋಕಾಗಲ್ಲ ಅಂದರೆ, ಎರಡನೇತುತ್ತು ಅವರು ಕೊಟ್ಟ ದುಡ್ಡು ಜಾಸ್ತಿ ಅಲ್ಲ, ಕಡಿಮೆ.

ಎರಡನೇತುತ್ತು:
ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆ ಈರುಳ್ಳಿ ಇಟ್ಟುಹೋದ ಹುಡುಗಿಗೆ ಇಪ್ಪತ್ತು ವರ್ಷವೂ ಇರಲಿಲ್ಲ. ಸಂಬಳ ಇತ್ತೋ ಇಲ್ಲವೋ.

ಖಡಕ್_ಮಾತು:
ಟಿಪ್ಸು ಕೊಟ್ಟ್ರಿಲ್ಲೋ?

ಎರಡನೇತುತ್ತು:
ಸರ್ವಿಸ್ ಚಾರ್ಜ್ ಅಂತ ಮೊದಲೇ ಸೇರಿಸಿದ್ದರು. ಯಾರಿಗೆ ಹೋಗುತ್ತೆ ಅಂತ ಕೇಳಲಿಲ್ಲ ಸಾರ್. ಕೇಳಬೇಕಿತ್ತು.

ನಿರ್ವಾಹಕ:
ಎರಡು ಕಾಮೆಂಟ್ ತೆಗೆದಿದ್ದೇನೆ. ಎರಡನೇತುತ್ತು ಅವರು ಹೋದದ್ದು ಯಾವ ಜಾಗ ಅಂತ ಊಹೆ ಮಾಡೋ ಆಟ ಬೇಡ.

ಉಪ್ಪುಗಾಳಿ:
ಒಂದು ಕೇಳ್ಲಿಕ್ಕಿತ್ತು. ಇಷ್ಟು ಸಣ್ಣ ಸಣ್ಣ ತುತ್ತು ಯಾಕೆ? ನನಗೆ ಆ ಬಿಸಿ-ತಣ್ಣನೆ ಲೋಟ ಇನ್ನೂ ನಾಲ್ಕು ಬೇಕಿತ್ತು.

ಬೀಕರ್:
ನಾಲ್ಕು ಕೊಟ್ಟಿದ್ದರೆ ನಾಲ್ಕನೆಯದು ಬೇಸರ ಬರ್ತಿತ್ತು ಅಕ್ಕಾ. ಒಂದೇ ರುಚಿಯನ್ನ ತಿಂತಾ ಹೋದರೆ ಆ ರುಚಿಯ ಮೇಲಿನ ಆಸೆ ಇಳಿಯುತ್ತೆ, ಬೇರೆಯದರ ಮೇಲೆ ಹಾಗೇ ಉಳಿಯುತ್ತೆ. ಹೊಟ್ಟೆ ಬಿರಿಯೋಷ್ಟು ಉಂಡವರೂ ಸಿಹಿ ಕಂಡರೆ ಕೈ ಚಾಚ್ತಾರಲ್ಲ, ಅದೇ. ಬೇಸರ ಶುರುವಾಗೋ ಮೊದಲೇ ತಟ್ಟೆ ಎತ್ತಿಬಿಡೋದು ಇವರ ಲೆಕ್ಕಾಚಾರ. ನನ್ನ ತಕರಾರು ಅಂದ್ರೆ ಹತ್ತೊಂಬತ್ತು ಸಲ ಅಚ್ಚರಿಪಟ್ಟರೆ ಅಚ್ಚರಿಯೇ ಬೇಸರ ಬರುತ್ತೆ. ಅದಕ್ಕೆ ಇವರ ಹತ್ತಿರ ಮದ್ದಿಲ್ಲ. ಎರಡನೇತುತ್ತು ಅವರಿಗೆ ಹನ್ನೊಂದನೇ ನಂಬರಿನ ಈರುಳ್ಳಿ ಹಿಡಿಸಿದ್ದರಲ್ಲಿ ಅದು ಹನ್ನೊಂದನೆಯದ್ದು ಅನ್ನೋದರ ಪಾಲೂ ಇದೆ ಅಂತ ನನ್ನ ಗುಮಾನಿ.

ಎರಡನೇತುತ್ತು:
ಎರಡು ವಾರ ಆಯ್ತು, ಎರಡು ಸಮಾಚಾರ ಇದೆ.

ಒಂದು. ಹಳೇಸ್ಟಾಜ್ ಅವರು ಹೇಳಿದ ಹಾಗೆ ಮೇಲ್ ಹಾಕಿದೆ. ಬೀಕರ್ ಸಾರ್ ಬರೆದದ್ದನ್ನೇ ಸ್ವಲ್ಪ ನನ್ನ ಮಾತಲ್ಲಿ ಸೇರಿಸಿ. ಮೂರನೇ ದಿನ ಉತ್ತರ ಬಂತು. ಚಮಚ ಎತ್ತಿಕೊಂಡು ಹೋಗಬೇಕಿತ್ತು, ತಪ್ಪಾಯ್ತು ಅಂತ ಒಪ್ಪಿಕೊಂಡಿದ್ದಾರೆ. ಇನ್ನೊಮ್ಮೆ ಬಂದರೆ ಊಟದ ಜೊತೆಗಿನ ಪಾನೀಯ ನಮ್ಮ ಲೆಕ್ಕದಲ್ಲಿ ಅಂತಲೂ ಬರೆದಿದ್ದಾರೆ. ಹೆಂಡತಿ ಓದಿ, ‘ಆ ಬಿಟ್ಟಿ ಲೋಟಕ್ಕೆ ಇನ್ನೊಂದು ತಿಂಗಳ ಬಾಡಿಗೆ’ ಅಂದಳು. ಸರ್ವಿಸ್ ಚಾರ್ಜ್ ಯಾರಿಗೆ ಹೋಗುತ್ತೆ ಅಂತಲೂ ಕೇಳಿದ್ದೆ. ಅದಕ್ಕೆ ಉತ್ತರ ಇಲ್ಲ.

ಎರಡು. ಆನ್‌ಲೈನಿನಲ್ಲಿ ಆಲ್ಜಿನೇಟು, ಕ್ಯಾಲ್ಸಿಯಂ ಕ್ಲೋರೈಡು ತರಿಸಿದೆ. ತಿನ್ನೋ ದರ್ಜೆಯದ್ದು ಅಂತ ಡಬ್ಬಿ ಮೇಲೆ ನೋಡಿಯೇ ತಗೊಂಡೆ. ಮೊದಲ ದಿನ ನಿಂಬೆ ರಸ ಹಾಕಿ ಮಾಡೋಕೆ ಹೋಗಿ ಪಾತ್ರೆ ತುಂಬ ಗಂಟು.

ಬೀಕರ್:
ಹುಳಿ ಜಾಸ್ತಿಯಾದರೆ ಆಲ್ಜಿನೇಟು ಕರಗೋದೇ ಇಲ್ಲ. ಸೋಡಿಯಂ ಸಿಟ್ರೇಟ್ ಹಾಕಿ ಹುಳಿ ತಗ್ಗಿಸಬೇಕು. ಇಲ್ಲಾಂದ್ರೆ ಹುಳಿಯಿಲ್ಲದ ಹಣ್ಣು ತಗೊಳ್ಳಿ. ಗಡಸು ನೀರೂ ಬೇಡ, ಅದರಲ್ಲೇ ಕ್ಯಾಲ್ಸಿಯಂ ಇರುತ್ತೆ.

ಎರಡನೇತುತ್ತು:
ಗೊತ್ತಾಯ್ತು ಸಾರ್, ಕಷ್ಟಪಟ್ಟು. ಎರಡನೇ ದಿನ ಕರಬೂಜದ ರಸ, ಕಾಲು ಲೀಟರಿಗೆ 2 ಗ್ರಾಂ ಆಲ್ಜಿನೇಟು. ಮಿಕ್ಸಿಯಲ್ಲಿ ತಿರುವಿದ್ದಕ್ಕೆ ಪೂರ್ತಿ ಗಾಳಿಗುಳ್ಳೆ, ಮಣಿಗಳು ತೇಲಿ ಬಾಲ ಬಂದು ಗೊದಮೊಟ್ಟೆ ಥರ ಆದವು. ಮೂರನೇ ದಿನ ರಸವನ್ನ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಸುಮ್ಮನೆ ಬಿಟ್ಟು, ಬೆಳಿಗ್ಗೆ ಸೂಜಿ ತೆಗೆದ ಸಿರಿಂಜಿನಲ್ಲಿ ಹನಿ ಬಿಟ್ಟೆ. ಬಂತು! ದುಂಡಗೆ, ಹಳದಿಗೆ, ಚಮಚ ಅಲ್ಲಾಡಿಸಿದರೆ ಒಂದರ ಮೇಲೊಂದು ಉರುಳೋ ಹಾಗೆ.

ಹೆಂಡತಿ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದಳು. ಎರಡನೇ ನಿಮಿಷಕ್ಕೆ ಒಂದು ಚಮಚ, ಒತ್ತಿದ ಕೂಡಲೇ ಒಡೆದು ನಾಲಿಗೆ ತುಂಬ ಕರಬೂಜ. ಅವತ್ತು ಅವಳು ಕಣ್ಣರಳಿಸಿದ್ದು ಯಾಕೆ ಅಂತ ಒಂದೂವರೆ ತಿಂಗಳು ತಡವಾಗಿ ಗೊತ್ತಾಯ್ತು. ಹತ್ತನೇ ನಿಮಿಷದ್ದು ಒಡೀತು, ಒಳಗೆ ಲೋಳೆ. ಇಪ್ಪತ್ತನೇ ನಿಮಿಷದ್ದು ಬಾಯಿಗೆ ಹಾಕಿದ ಕೂಡಲೇ ಗುರುತು ಸಿಕ್ತು. ಅದೇ ಪೆನ್ಸಿಲ್ ರಬ್ಬರ್. ಹೆಂಡತಿಗೂ ಒಂದು ಚಮಚ ಕೊಟ್ಟೆ. ಅಗಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದು ಕಣ್ರೀ’ ಅಂದಳು.

ಮಗಳಿಗೆ ಮೂರೂ ತಿನ್ನಿಸಿದೆವು. ಎರಡನೇ ನಿಮಿಷದ್ದು ಬಾಯಲ್ಲಿ ಒಡೆದ ತಕ್ಷಣ ಮುಖ ಸಿಂಡರಿಸಿ ಉಗುಳಿದಳು. ಇಪ್ಪತ್ತನೇ ನಿಮಿಷದ್ದನ್ನ ಬಟ್ಟಲು ಸಮೇತ ಎತ್ತಿಕೊಂಡು ಟಿವಿ ಮುಂದೆ ಹೋಗಿ ಕೂತಿದ್ದಾಳೆ.